ಪಾಠ ಮರೆಯುವ ಮಗು: ಸೋಮಾರಿತನವೋ, ಕಾಯಿಲೆಯೋ?

ದೊಡ್ಡಬಳ್ಳಾಪುರ ತಾಲೂಕಿನ ಸಾಸಲು ಹೋಬಳಿಯ ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಅಬ್ಬಾ ದೊಡ್ಡಬಳ್ಳಾಪುರಕ್ಕೆ ಮಗ್ಗದ ಕೆಲಸಕ್ಕೆ ಹೋಗುತ್ತಾರೆ. ಹತ್ತು ವರ್ಷದ ಮಗಳು ಐದನೇ ತರಗತಿ. ಮೊನ್ನೆ ಮೊನ್ನೆಯವರೆಗೆ ಅವಳ ಅಕ್ಷರ ಮುತ್ತಿನಂತಿತ್ತು. ಈಗ ಗೆರೆಯ ಮೇಲೆ ನಿಲ್ಲುತ್ತಿಲ್ಲ. ಕೈಯಲ್ಲಿದ್ದ ಲೋಟ ಜಾರಿ ಬೀಳುತ್ತದೆ. ಕಾರಣವಿಲ್ಲದೆ ಅಳುತ್ತಾಳೆ, ಮರುಕ್ಷಣ ನಗುತ್ತಾಳೆ. ನೆನ್ನೆ ಬಾಯಿಪಾಠ ಮಾಡಿದ ಸೂರಾ ಇವತ್ತು ಒಪ್ಪಿಸಲು ಬರುವುದಿಲ್ಲ. ಶಾಲೆಯ ಟೀಚರ್ "ಗಮನ ಇಲ್ಲ" ಎಂದರು, ಮದ್ರಸದ ಹಜ್ರತ್ "ಸೋಮಾರಿಯಾಗಿದ್ದಾಳೆ" ಎಂದರು. ಪಕ್ಕದ ಮನೆಯವರು "ದೃಷ್ಟಿ ತಾಗಿದೆ" ಎಂದರು. ಎರಡು ತಿಂಗಳ ಹಿಂದೆ ಅವಳಿಗೆ ಜ್ವರದೊಂದಿಗೆ ಗಂಟಲು ನೋವು ಬಂದು ಹೋಗಿದ್ದು ಮಾತ್ರ ಯಾರಿಗೂ ನೆನಪಿಲ್ಲ.

ಈ ಹುಡುಗಿ ಕಲ್ಪನೆಯವಳು. ಆದರೆ ಅವಳಿಗಿರುವ ಕಾಯಿಲೆ ಕಲ್ಪನೆಯದಲ್ಲ. ಮಗುವಿನ ಓದು, ನೆನಪು, ನಡವಳಿಕೆ ದಿಢೀರನೆ ಕೆಟ್ಟಾಗ ಅದರ ಹಿಂದೆ ಕೀಲು, ಹೃದಯ, ರಕ್ತಕ್ಕೆ ಸಂಬಂಧಿಸಿದ ಕಾಯಿಲೆಯೊಂದು ಅಡಗಿರಬಹುದು. ಅದನ್ನು ಸಮಯಕ್ಕೆ ಗುರುತಿಸಿದರೆ ಮಗುವಿನ ಹೃದಯವೂ ಉಳಿಯುತ್ತದೆ, ಓದೂ ಉಳಿಯುತ್ತದೆ. ಈ ಸಲ ಅದರ ಬಗ್ಗೆ ತಿಳಿಯೋಣ.

ಕಾವಲುಗಾರನೇ ಮನೆಯ ಮೇಲೆ ಬಿದ್ದರೆ

ನಮ್ಮ ದೇಹದಲ್ಲಿ ರೋಗ ನಿರೋಧಕ ಶಕ್ತಿ ಎಂಬ ಕಾವಲುಗಾರನಿದ್ದಾನೆ. ಹೊರಗಿನಿಂದ ಬರುವ ರೋಗಾಣುಗಳನ್ನು ಕೊಲ್ಲುವುದು ಅವನ ಕೆಲಸ. ಕೆಲವರಲ್ಲಿ ಈ ಕಾವಲುಗಾರನಿಗೆ ಗುರುತು ತಪ್ಪುತ್ತದೆ. ಮನೆಯವರನ್ನೇ ಕಳ್ಳರೆಂದು ತಿಳಿದು ಹೊಡೆಯುತ್ತಾನೆ. ಇಂಥ ಕಾಯಿಲೆಗಳನ್ನು ವೈದ್ಯರು ಆಟೋಇಮ್ಯೂನ್ ಕಾಯಿಲೆಗಳು ಎನ್ನುತ್ತಾರೆ. ಹೊಡೆತ ಕೀಲಿನ ಮೇಲೆ ಬಿದ್ದರೆ ಕೀಲುವಾತ, ಥೈರಾಯ್ಡ್ ಗ್ರಂಥಿಯ ಮೇಲೆ ಬಿದ್ದರೆ ಥೈರಾಯ್ಡ್ ಕೊರತೆ, ಹಲವು ಅಂಗಗಳ ಮೇಲೆ ಒಟ್ಟಿಗೆ ಬಿದ್ದರೆ ಲೂಪಸ್. ಕೆಲವೊಮ್ಮೆ ಹೊಡೆತ ನೇರವಾಗಿ ಮೆದುಳಿಗೇ ಬೀಳುತ್ತದೆ.

ಇವು ಒಬ್ಬರಿಂದ ಒಬ್ಬರಿಗೆ ಅಂಟುವ ಕಾಯಿಲೆಗಳಲ್ಲ. ತಂದೆ ತಾಯಿಯ ತಪ್ಪಿನಿಂದ ಬರುವುದೂ ಇಲ್ಲ. "ಕೀಲುನೋವು ಮುದುಕರಿಗೆ, ಮಕ್ಕಳಿಗೆಲ್ಲಿಂದ?" ಎಂದು ಕೇಳುವವರಿದ್ದಾರೆ. ಮಕ್ಕಳಿಗೂ ಬರುತ್ತದೆ. ಎರಡು ವರ್ಷದ ಕೂಸಿಗೂ ಬರಬಹುದು.

ಈ ಮಕ್ಕಳ ಓದು ಹಿಂದೆ ಬೀಳುವುದಕ್ಕೆ ಮುಖ್ಯವಾಗಿ ನಾಲ್ಕು ದಾರಿಗಳಿವೆ. ಒಂದು, ಕಾಯಿಲೆಯೇ ಮೆದುಳನ್ನು ಮುಟ್ಟುವುದು. ಎರಡು, ನೋವು, ನಿದ್ದೆಗೇಡು, ರಕ್ತಹೀನತೆ, ಸುಸ್ತು ಇವುಗಳಿಂದ ಗಮನ ನಿಲ್ಲದಿರುವುದು. ಮೂರು, ಕೆಲವು ಔಷಧಿಗಳ ಪರಿಣಾಮ. ನಾಲ್ಕು, ಕಾಯಿಲೆಯ ಮಗುವಿನ ಮನಸ್ಸಿನಲ್ಲಿ ಬೆಳೆಯುವ ದುಃಖ ಮತ್ತು ಭಯ. ಒಂದೇ ಮಗುವಿನಲ್ಲಿ ನಾಲ್ಕೂ ಸೇರಿರಬಹುದು. ಯಾವುದು ಎಷ್ಟಿದೆ ಎಂದು ಬಿಡಿಸಿ ನೋಡುವುದೇ ವೈದ್ಯರ ಕೆಲಸ.

ಗಂಟಲಿನಿಂದ ಮೆದುಳಿಗೆ

ಮೊದಲು ನಮ್ಮ ಕಲ್ಪನೆಯ ಹುಡುಗಿಯ ಕಾಯಿಲೆ. 'ಸ್ಟ್ರೆಪ್ಟೋಕಾಕಸ್' ಎಂಬ ಬ್ಯಾಕ್ಟೀರಿಯಾದಿಂದ ಮಕ್ಕಳಿಗೆ ಗಂಟಲು ಬೇನೆ ಬರುತ್ತದೆ. ಹೆಚ್ಚಿನ ಮಕ್ಕಳು ಗುಣವಾಗುತ್ತಾರೆ. ಸರಿಯಾದ ಚಿಕಿತ್ಸೆ ಸಿಗದ ಕೆಲವರಲ್ಲಿ ಎರಡು ಮೂರು ವಾರ ಕಳೆದ ಮೇಲೆ ಕಾವಲುಗಾರ ಎಡವುತ್ತಾನೆ. ಆ ರೋಗಾಣುವಿನ ಹೋಲಿಕೆ ನಮ್ಮ ಹೃದಯ, ಕೀಲು, ಮೆದುಳಿನ ಕೆಲವು ಭಾಗಗಳಿಗೂ ಇರುವುದರಿಂದ ಅವನ್ನೂ ಹೊಡೆಯತೊಡಗುತ್ತಾನೆ. ಇದೇ ರುಮ್ಯಾಟಿಕ್ ಜ್ವರ. ಇದು ಹೆಚ್ಚಾಗಿ ಕಾಣುವುದು 5ರಿಂದ 15 ವರ್ಷದೊಳಗಿನ ಮಕ್ಕಳಲ್ಲಿ, ಅದರಲ್ಲೂ ಚಿಕ್ಕ ಮನೆಯಲ್ಲಿ ಹೆಚ್ಚು ಜನ ಒತ್ತಾಗಿ ಬದುಕುವ ಕಡೆ. ಶ್ರೀಮಂತ ದೇಶಗಳಲ್ಲಿ ಬಹುತೇಕ ಮಾಯವಾಗಿರುವ ಈ ಕಾಯಿಲೆ ನಮ್ಮ ದೇಶದಲ್ಲಿ ಇನ್ನೂ ಇದೆ.

ಕೀಲು ಊದಿ ನೋಯುವುದು, ಒಂದು ಕೀಲು ಬಿಟ್ಟು ಇನ್ನೊಂದಕ್ಕೆ ನೋವು ಹೋಗುವುದು ಇದರ ಸಾಮಾನ್ಯ ಲಕ್ಷಣ. ಮೆದುಳು ಸಿಕ್ಕಿಬಿದ್ದರೆ ಬರುವುದು 'ಸಿಡೆನ್‌ಹ್ಯಾಮ್ ಕೊರಿಯಾ'. ಇಂಗ್ಲೆಂಡಿನ ವೈದ್ಯ ಥಾಮಸ್ ಸಿಡೆನ್‌ಹ್ಯಾಮ್ 1686ರಲ್ಲೇ ಇದನ್ನು ವಿವರಿಸಿದ್ದರು. ಹುಡುಗಿಯರಲ್ಲಿ ಹೆಚ್ಚು. ಕೈ, ಕಾಲು, ಮುಖ ತಾವಾಗಿಯೇ ಎಳೆದಂತೆ ಅಲುಗುತ್ತವೆ, ನಿದ್ದೆಯಲ್ಲಿ ನಿಲ್ಲುತ್ತವೆ. ಅಕ್ಷರ ಕೆಡುತ್ತದೆ, ಗುಂಡಿ ಹಾಕಲು ಬರುವುದಿಲ್ಲ, ಮಾತು ತೊದಲುತ್ತದೆ. ನಾಲಿಗೆ ಹೊರಚಾಚಿ ಹಿಡಿ ಎಂದರೆ ಹಿಡಿಯಲಾಗುವುದಿಲ್ಲ. ವೈದ್ಯರು ತಮ್ಮ ಬೆರಳನ್ನು ಬಿಗಿಯಾಗಿ ಹಿಡಿಯಲು ಹೇಳಿದರೆ, ಹಾಲು ಕರೆಯುವಂತೆ ಹಿಡಿತ ಬಿಗಿಯಾಗಿ ಸಡಿಲವಾಗುತ್ತಿರುತ್ತದೆ. ಎಷ್ಟೋ ಸಲ ಈ ಅಲುಗಾಟಕ್ಕಿಂತ ಮೊದಲೇ ಸಿಡುಕು, ಅಳು, ಮರೆವು, ಗಮನ ಚದುರುವುದು ಕಾಣಿಸಿಕೊಳ್ಳುತ್ತದೆ. ಕೆಲವು ಮಕ್ಕಳು ಒಂದೇ ಕೆಲಸವನ್ನು, ಕೈ ತೊಳೆಯುವುದನ್ನೋ ವುಝೂ ಮಾಡುವುದನ್ನೋ, ಮತ್ತೆ ಮತ್ತೆ ಮಾಡತೊಡಗುತ್ತಾರೆ.

ಇಲ್ಲಿರುವ ತೊಡಕೆಂದರೆ, ಕೊರಿಯಾ ಗಂಟಲು ಬೇನೆ ಬಂದು ತಿಂಗಳುಗಳು ಕಳೆದ ಮೇಲೂ ಬರಬಹುದು. ಅಷ್ಟರಲ್ಲಿ ಗಂಟಲು ನೋವು ಎಲ್ಲರಿಗೂ ಮರೆತಿರುತ್ತದೆ. ಕೊರಿಯಾ ಸಾಮಾನ್ಯವಾಗಿ ಕೆಲವು ವಾರ ಅಥವಾ ತಿಂಗಳುಗಳಲ್ಲಿ ಇಳಿಯುತ್ತದೆ. "ತಾನಾಗಿಯೇ ಹೋಯಿತಲ್ಲ" ಎಂದು ಮನೆಯವರು ಸುಮ್ಮನಾಗುತ್ತಾರೆ. ಆದರೆ ಇದೇ ಹೊತ್ತಿನಲ್ಲಿ ಹೃದಯದ ಕವಾಟಗಳಿಗೆ ಪೆಟ್ಟು ಬಿದ್ದಿರಬಹುದು. ಅದು ಹೊರಗೆ ಕಾಣುವುದಿಲ್ಲ. ವರ್ಷಗಳ ನಂತರ, ಮದುವೆಯಾಗಿ ಗರ್ಭಿಣಿಯಾದಾಗ, ಉಸಿರು ಕಟ್ಟಿದಾಗ ಬಯಲಾಗುತ್ತದೆ. ಆದ್ದರಿಂದ ಕೊರಿಯಾ ಕಂಡ ಪ್ರತಿ ಮಗುವಿಗೂ ಎಕೋ ಪರೀಕ್ಷೆ ಆಗಲೇಬೇಕು.

ಚಿಕಿತ್ಸೆ ದುಬಾರಿಯದಲ್ಲ. ಗಂಟಲು ಬೇನೆ ಶುರುವಾದ ಒಂಬತ್ತು ದಿನದೊಳಗೆ ಸರಿಯಾದ ಆ್ಯಂಟಿಬಯೋಟಿಕ್ ಸಿಕ್ಕರೂ ರುಮ್ಯಾಟಿಕ್ ಜ್ವರವನ್ನು ತಡೆಯಬಹುದು. ಒಮ್ಮೆ ಬಂದವರಿಗೆ ಮತ್ತೆ ಬಾರದಂತೆ ಮೂರು ವಾರಕ್ಕೊಮ್ಮೆ ಪೆನಿಸಿಲಿನ್ ಇಂಜೆಕ್ಷನ್ ಕೊಡುತ್ತಾರೆ. ಹೃದಯಕ್ಕೆ ತಾಗಿದೆಯೇ ಇಲ್ಲವೇ ಎಂಬುದರ ಮೇಲೆ ಇದು ವರ್ಷಗಟ್ಟಲೆ ಬೇಕಾಗುತ್ತದೆ. ಚುಚ್ಚುವಾಗ ನೋವಾಗುತ್ತದೆ ಎಂದು ನಡುವೆ ನಿಲ್ಲಿಸುವವರು ಬಹಳ. ಪ್ರತಿ ಸಲ ಕಾಯಿಲೆ ಮರುಕಳಿಸಿದಾಗಲೂ ಹೃದಯ ಇನ್ನಷ್ಟು ಹಾಳಾಗುತ್ತದೆ ಎಂಬುದನ್ನು ಮರೆಯಬೇಡಿ. ಮುಂದಿನ ಇಂಜೆಕ್ಷನ್ ತಾರೀಕನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಗುರುತು ಹಾಕಿಡಿ.

ಬೆಳಗಿನ ಬಿಗಿತ

ಹದಿನಾರು ವರ್ಷದೊಳಗೆ ಶುರುವಾಗಿ ಆರು ವಾರಕ್ಕಿಂತ ಹೆಚ್ಚು ಕಾಲ ಕೀಲು ಊದಿಕೊಂಡೇ ಇದ್ದು, ಬೇರೆ ಕಾರಣ ಸಿಗದಿದ್ದರೆ ಅದನ್ನು ಮಕ್ಕಳ ಕೀಲುವಾತ ಎನ್ನುತ್ತಾರೆ. ಇದರ ಗುರುತು ಬೆಳಗಿನ ಬಿಗಿತ. ಮಗು ಎದ್ದ ಕೂಡಲೇ ಕುಂಟುತ್ತದೆ, ಬಿಸಿಲೇರಿದಂತೆ ಸರಿಯಾಗಿ ಓಡಾಡುತ್ತದೆ. ಹಾಗಾಗಿ "ಮದ್ರಸಕ್ಕೆ ಹೋಗುವಾಗ ಮಾತ್ರ ಕಾಲು ನೋವು, ಆಟಕ್ಕೆ ನೋವಿಲ್ಲ" ಎಂಬ ಬೈಗುಳ ಸುಲಭವಾಗಿ ಬರುತ್ತದೆ. ಆದರೆ ಫಜ್ರ್ ನಂತರದ ಮದ್ರಸ ನಡೆಯುವುದೇ ಈ ಮಗುವಿಗೆ ಅತ್ಯಂತ ಕಷ್ಟದ ಹೊತ್ತಿನಲ್ಲಿ. ಮೊಣಕಾಲು ಮಡಚಿ ನೆಲದ ಮೇಲೆ ಕೂತು, ನೋವು ನುಂಗಿಕೊಂಡು, ಸಬಕ್ ನೆನಪಿಟ್ಟುಕೊಳ್ಳಬೇಕೆಂದರೆ ದೊಡ್ಡವರಿಂದಲೂ ಆಗದು.

ಸಮಾಧಾನದ ವಿಷಯವೆಂದರೆ, ಕೀಲುವಾತದ ಮಕ್ಕಳ ಬುದ್ಧಿಶಕ್ತಿ ಸಾಮಾನ್ಯವಾಗಿ ಬೇರೆ ಮಕ್ಕಳಂತೆಯೇ ಇರುತ್ತದೆ. ನೋವು, ನಿದ್ದೆ ಇಲ್ಲದಿರುವುದು, ಶಾಲೆಗೆ ಪದೇ ಪದೇ ರಜೆ ಇವು ಅವರನ್ನು ಹಿಂದಕ್ಕೆ ಎಳೆಯುತ್ತವೆ. ನೋವಿಗೆ ಸರಿಯಾದ ಚಿಕಿತ್ಸೆ ಸಿಕ್ಕರೆ ಓದು ತಾನಾಗಿ ಚೇತರಿಸಿಕೊಳ್ಳುತ್ತದೆ. ಇನ್ನೊಂದು ಎಚ್ಚರಿಕೆ: ಈ ಮಕ್ಕಳಲ್ಲಿ ಕೆಲವರಿಗೆ ಕಣ್ಣಿನ ಒಳಗೆ ಉರಿಯೂತ ಬರುತ್ತದೆ. ಕಣ್ಣು ಕೆಂಪಾಗುವುದಿಲ್ಲ, ನೋಯುವುದಿಲ್ಲ, ದೃಷ್ಟಿ ಮಾತ್ರ ಮೆಲ್ಲನೆ ಹೋಗುತ್ತದೆ. "ಬೋರ್ಡ್ ನೋಡಿ ಬರೆಯಲ್ಲ" ಎಂಬ ದೂರಿನ ಹಿಂದೆ ಇದೂ ಇರಬಹುದು. ವೈದ್ಯರು ಹೇಳಿದ ಗಡುವಿಗೆ, ಹಲವರಿಗೆ ಮೂರು ತಿಂಗಳಿಗೊಮ್ಮೆ, ಕಣ್ಣಿನ ತಪಾಸಣೆ ತಪ್ಪಿಸಬೇಡಿ.

ಲೂಪಸ್: ಹದಿವಯಸ್ಸಿನ ಹುಡುಗಿಯರ ಕಾಯಿಲೆ

ಲೂಪಸ್ ಹೆಚ್ಚಾಗಿ ಕಾಣುವುದು ಹೆಣ್ಣುಮಕ್ಕಳಲ್ಲಿ, ಅದರಲ್ಲೂ ಮೈನೆರೆಯುವ ವಯಸ್ಸಿನ ಆಚೀಚೆ. ಬಿಟ್ಟು ಬಿಟ್ಟು ಜ್ವರ, ಮೂಗಿನ ಎರಡೂ ಬದಿಯ ಕೆನ್ನೆಯ ಮೇಲೆ ಚಿಟ್ಟೆ ಆಕಾರದ ಕೆಂಪು, ಬಿಸಿಲಿಗೆ ಹೋದರೆ ಉರಿ, ಬಾಯಿಹುಣ್ಣು, ಕೂದಲು ಉದುರುವುದು, ಕೀಲುನೋವು, ಮೂತ್ರದಲ್ಲಿ ನೊರೆ, ಮುಖ ಕಾಲು ಊದುವುದು ಇದರ ಲಕ್ಷಣಗಳು. ಇದು ಮೆದುಳನ್ನೂ ಬಿಡುವುದಿಲ್ಲ. ಲೂಪಸ್‌ನಿಂದ ಆಗುವ ನರ ಮತ್ತು ಮನಸ್ಸಿನ ತೊಂದರೆಗಳನ್ನು ಅಮೆರಿಕದ ರುಮಟಾಲಜಿ ವೈದ್ಯರ ಸಂಘ 1999ರಲ್ಲಿ 19 ಬಗೆಯಾಗಿ ಪಟ್ಟಿ ಮಾಡಿತು. ತಲೆನೋವು, ಫಿಟ್ಸ್, ಖಿನ್ನತೆ, ಭ್ರಮೆ ಇವುಗಳ ಜೊತೆ ನೆನಪು ಮತ್ತು ಯೋಚನಾ ಶಕ್ತಿ ಕುಂದುವುದೂ ಆ ಪಟ್ಟಿಯಲ್ಲಿದೆ.

ಇಂಥ ಹುಡುಗಿಗೆ ಏನಾಗುತ್ತದೆ? ಪಾಠ ಅರ್ಥವಾಗುತ್ತದೆ, ಆದರೆ ಬರೆದು ಮುಗಿಸಲು ದುಪ್ಪಟ್ಟು ಹೊತ್ತು ಬೇಕು. ಲೆಕ್ಕದ ಎರಡನೇ ಹೆಜ್ಜೆಗೆ ಬರುವಷ್ಟರಲ್ಲಿ ಮೊದಲನೆಯದು ಮರೆತಿರುತ್ತದೆ. ತಾಯಿ ಅಂಗಡಿಯಿಂದ ಮೂರು ಸಾಮಾನು ತರಲು ಹೇಳಿದರೆ ಒಂದನ್ನೇ ತರುತ್ತಾಳೆ. "ತಲೆಯೊಳಗೆ ಮಂಜು ಕವಿದ ಹಾಗಿದೆ" ಎನ್ನುತ್ತಾಳೆ. ಇದು ಉದಾಸೀನವಲ್ಲ. ಕಾಯಿಲೆ ಹತೋಟಿಗೆ ಬಂದರೆ ಈ ಮಂಜು ಎಷ್ಟೋ ಮಟ್ಟಿಗೆ ತಿಳಿಯಾಗಬಹುದು.

ಇಲ್ಲಿ ಒಂದು ಮಾತು ಬಿಚ್ಚಿ ಹೇಳಬೇಕು. ಹೆಣ್ಣುಮಗಳಿಗೆ ಲೂಪಸ್ ಎಂದು ತಿಳಿದ ಕೂಡಲೇ ಕೆಲವು ಮನೆಗಳಲ್ಲಿ ಅದನ್ನು ಮುಚ್ಚಿಡುತ್ತಾರೆ. "ನಾಳೆ ಸಂಬಂಧ ಕೂಡುವುದು ಹೇಗೆ?" ಎಂಬ ಚಿಂತೆ. ಹೊರಗೆ ಗೊತ್ತಾಗಬಾರದೆಂದು ಹತ್ತಿರದ ಆಸ್ಪತ್ರೆಗೆ ಹೋಗುವುದಿಲ್ಲ, ಮಾತ್ರೆ ಅರ್ಧಕ್ಕೆ ನಿಲ್ಲುತ್ತದೆ, ಓದು ಬರುವುದಿಲ್ಲವೆಂದು ಶಾಲೆ ಬಿಡಿಸುತ್ತಾರೆ. ಔಷಧಿ ತಪ್ಪಿದ ಲೂಪಸ್ ಮೂತ್ರಪಿಂಡವನ್ನೂ ಮೆದುಳನ್ನೂ ತಿನ್ನುತ್ತದೆ. ಚಿಕಿತ್ಸೆ ಬಿಡದೆ ಪಡೆದ ಎಷ್ಟೋ ಹೆಣ್ಣುಮಕ್ಕಳು ಓದು, ಉದ್ಯೋಗ, ಸಂಸಾರ ಎಲ್ಲವನ್ನೂ ನಡೆಸುತ್ತಿದ್ದಾರೆ. ಮುಚ್ಚಿಟ್ಟರೆ ಕಾಯಿಲೆ ಬೆಳೆಯುತ್ತದೆಯೇ ಹೊರತು ಸಂಬಂಧ ಉಳಿಯುವುದಿಲ್ಲ.

ಮಗು ಏಕಾಏಕಿ ಬದಲಾದರೆ

ಆರೋಗ್ಯವಾಗಿದ್ದ ಮಗು ಕೆಲವೇ ದಿನಗಳಲ್ಲಿ ನಿದ್ದೆ ಬಿಟ್ಟು, ಕಿರುಚಿ, ಗುರುತಿನವರನ್ನೂ ಗುರುತಿಸದೆ, ಆಮೇಲೆ ಮಾತೇ ನಿಂತು, ಬಾಯಿ ಕೈ ವಿಚಿತ್ರವಾಗಿ ಆಡಿಸುತ್ತಾ, ಫಿಟ್ಸ್ ಬಂದರೆ ನಮ್ಮಲ್ಲಿ ಮೊದಲು ಬರುವ ಮಾತು "ಗಾಳಿ ಸೋಕಿದೆ". ಇದು ಆಟೋಇಮ್ಯೂನ್ ಮೆದುಳು ಉರಿಯೂತ ಆಗಿರಬಹುದು. ಇದರ ಒಂದು ಮುಖ್ಯ ಬಗೆಯನ್ನು ವೈದ್ಯ ಜೋಸೆಪ್ ದಾಲ್ಮೌ ಮತ್ತು ಸಂಗಡಿಗರು ಗುರುತಿಸಿದ್ದೇ 2007ರಲ್ಲಿ. ಅದಕ್ಕೂ ಮುಂಚೆ ಇಂಥವರನ್ನು ಎಲ್ಲ ದೇಶಗಳಲ್ಲೂ ಮಾನಸಿಕ ರೋಗಿಗಳೆಂದೋ ಭೂತ ಹಿಡಿದವರೆಂದೋ ತಿಳಿಯುತ್ತಿದ್ದುದುಂಟು. ಈಗ ಬೆನ್ನಿನಿಂದ ತೆಗೆದ ನೀರು ಮತ್ತು ರಕ್ತದ ಪರೀಕ್ಷೆಯಿಂದ ಪತ್ತೆ ಹಚ್ಚಬಹುದು. 577 ರೋಗಿಗಳನ್ನು ಗಮನಿಸಿ 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎರಡು ವರ್ಷದವರೆಗೆ ನೋಡಲು ಸಿಕ್ಕವರ ಪೈಕಿ ಹತ್ತರಲ್ಲಿ ಎಂಟು ಮಂದಿ ಚೆನ್ನಾಗಿ ಚೇತರಿಸಿಕೊಂಡಿದ್ದರು. ಬೇಗ ಚಿಕಿತ್ಸೆ ಶುರುವಾದವರಿಗೆ ಫಲ ಹೆಚ್ಚು. ಆದ್ದರಿಂದ ಇಲ್ಲಿ ಪ್ರತಿ ದಿನವೂ ಲೆಕ್ಕಕ್ಕೆ ಬರುತ್ತದೆ. ದುಆ ಮಾಡಿ, ಮಾಡಿಸಿ, ಯಾರೂ ಬೇಡವೆನ್ನುವುದಿಲ್ಲ. ಆದರೆ ಆಸ್ಪತ್ರೆಗೆ ಹೋಗುವ ಗಾಡಿಯಲ್ಲಿ ಕೂತು ಮಾಡಿ.

ಇದಕ್ಕೆ ವಿರುದ್ಧವಾಗಿ ಮೆಲ್ಲನೆ ಬರುವುದು ಥೈರಾಯ್ಡ್ ಕೊರತೆ. ಮಗು ಮಂಕಾಗುತ್ತದೆ, ತೂಕ ಏರುತ್ತದೆ, ಎತ್ತರ ನಿಲ್ಲುತ್ತದೆ, ಚಳಿ ಎನ್ನುತ್ತದೆ, ಮಲಬದ್ಧತೆ, ಓದಿನಲ್ಲಿ ನಿಧಾನ. ಒಂದು ರಕ್ತ ಪರೀಕ್ಷೆಯಿಂದ ತಿಳಿಯುತ್ತದೆ, ದಿನಕ್ಕೊಂದು ಮಾತ್ರೆಯಿಂದ ಸರಿಹೋಗುತ್ತದೆ.

ಔಷಧಿಯ ಪಾಲೆಷ್ಟು?

ಈ ಕಾಯಿಲೆಗಳಿಗೆ ಸ್ಟೀರಾಯ್ಡ್ ಮಾತ್ರೆ ಕೊಡಬೇಕಾಗುತ್ತದೆ. ಅದು ಜೀವ ಉಳಿಸುವ ಔಷಧಿ. ಆದರೆ ಮುಖ ಗುಂಡಗಾಗುತ್ತದೆ, ಹಸಿವು ಹೆಚ್ಚುತ್ತದೆ, ನಿದ್ದೆ ಕಡಿಮೆಯಾಗುತ್ತದೆ, ಸಿಡುಕು ಬರುತ್ತದೆ, ಗಮನ ನಿಲ್ಲುವುದಿಲ್ಲ. ಶಾಲೆಯಲ್ಲಿ "ದಪ್ಪಗಾದೆ" ಎಂದು ಗೇಲಿ ಮಾಡಿದ್ದಕ್ಕೆ ಮಗು ಮಾತ್ರೆಯನ್ನು ಗುಟ್ಟಾಗಿ ಎಸೆಯುವುದೂ ಉಂಟು. ಸ್ಟೀರಾಯ್ಡನ್ನು ಎಂದಿಗೂ ಹಠಾತ್ತನೆ ನಿಲ್ಲಿಸಬಾರದು. ಜೀವಕ್ಕೇ ಅಪಾಯವಾಗಬಹುದು. ವೈದ್ಯರು ಹೇಳಿದಂತೆ ಮೆಲ್ಲ ಮೆಲ್ಲನೆ ಇಳಿಸಬೇಕು. ಹೆಚ್ಚಾಗಿ ಬೆಳಿಗ್ಗೆ ತಿಂಡಿಯಾದ ಮೇಲೆ ಕೊಡುವುದರಿಂದ ರಾತ್ರಿ ನಿದ್ದೆಗೆ ಅನುಕೂಲ.

ಕೀಲುವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನದ ಔಷಧಿ. ದಿನಾ ಕೊಟ್ಟರೆ ವಿಷವಾಗುತ್ತದೆ. ವಾರದ ಯಾವ ದಿನ ಎಂದು ಚೀಟಿಯ ಮೇಲೆ ದೊಡ್ಡದಾಗಿ ಬರೆಸಿಕೊಳ್ಳಿ. ಮರುದಿನ ವಾಕರಿಕೆ, ಸುಸ್ತು ಇರಬಹುದು. ಹಾಗಾಗಿ ಶನಿವಾರ ರಾತ್ರಿ ಕೊಡಬಹುದೇ ಎಂದು ವೈದ್ಯರನ್ನು ಕೇಳಿ, ಭಾನುವಾರ ಮಗು ಮನೆಯಲ್ಲಿ ಸುಧಾರಿಸಿಕೊಳ್ಳುತ್ತದೆ.

ಶಾಲೆ ಮತ್ತು ಮದ್ರಸದಲ್ಲಿ

ಮಗುವಿಗೆ ಏನಾಗಿದೆ ಎಂದು ಟೀಚರ್ ಮತ್ತು ಹಜ್ರತ್ ಇಬ್ಬರಿಗೂ ಖುದ್ದಾಗಿ ಹೋಗಿ ಹೇಳಿ. ಕೇಳಬಹುದಾದ ಅನುಕೂಲಗಳು ದೊಡ್ಡವೇನಲ್ಲ. ಬೆಂಚಿನ ಮೇಲೆ ಅಥವಾ ಕುರ್ಚಿಯಲ್ಲಿ ಕೂರಲು ಬಿಡುವುದು. ಮುಂದಿನ ಸಾಲು. ಒಂದು ಸಲಕ್ಕೆ ಒಂದೇ ಸೂಚನೆ. ಬರೆಯಲು ಹೆಚ್ಚು ಸಮಯ, ಕೈ ನೋವಿದ್ದರೆ ಬಾಯಿಯಲ್ಲಿ ಉತ್ತರ. ಹಿಫ್ಝ್ ಮಾಡುವ ಮಗುವಿಗೆ ಸಬಕ್ ಅರ್ಧಕ್ಕಿಳಿಸಿ, ಓದಿ ಒಪ್ಪಿಸುವುದಕ್ಕಿಂತ ಕೇಳಿ ಕಲಿಯಲು ಅವಕಾಶ. ಬೆಳಗಿನ ಬದಲು ಅಸರ್ ನಂತರದ ತರಗತಿ. ನಮಾಝಿನಲ್ಲಿ ಕಾಲು ಮಡಚಲಾಗದಿದ್ದರೆ ಕುರ್ಚಿ. ಬೆತ್ತ ಮಾತ್ರ ಬೇಡವೇ ಬೇಡ. ಹೊಡೆತದಿಂದ ನೆನಪು ಮರಳುವುದಿಲ್ಲ, ಭಯದಿಂದ ಇರುವುದೂ ಮರೆಯುತ್ತದೆ.

ತೊಂದರೆ ಹೆಚ್ಚಿದ್ದರೆ ಕಾನೂನಿನ ಆಸರೆಯೂ ಇದೆ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆ 21 ಬಗೆಯ ತೊಂದರೆಗಳನ್ನು ಪಟ್ಟಿ ಮಾಡಿದೆ. ಅದರಲ್ಲಿ ಕಲಿಕಾ ನ್ಯೂನತೆ ಮತ್ತು ದೀರ್ಘಕಾಲದ ನರ ಕಾಯಿಲೆಗಳೂ ಸೇರಿವೆ. ಪ್ರಮಾಣಪತ್ರವಿದ್ದ ಅರ್ಹ ಮಕ್ಕಳು ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಬರೆಯುವ ಸಹಾಯಕರು ಮುಂತಾದ ಸೌಲಭ್ಯ ಕೇಳಬಹುದು. ಹತ್ತನೇ ತರಗತಿಯ ಕೊನೆಯಲ್ಲಿ ಓಡಾಡಬೇಡಿ. ಎಂಟು, ಒಂಬತ್ತರಲ್ಲೇ ಮುಖ್ಯೋಪಾಧ್ಯಾಯರನ್ನು ಕಾಣಿ.

ಎಲ್ಲಿಗೆ ಹೋಗುವುದು?

ಮೊದಲು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ, ಅಲ್ಲಿಂದ ದೊಡ್ಡಬಳ್ಳಾಪುರದ ತಾಲೂಕು ಆಸ್ಪತ್ರೆಯ ಮಕ್ಕಳ ವೈದ್ಯರು. ಶಾಲೆಗೆ ಬರುವ 'ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ'ದ ವೈದ್ಯರ ತಂಡವನ್ನೂ ಉಪಯೋಗಿಸಿಕೊಳ್ಳಿ. 2013ರಲ್ಲಿ ಶುರುವಾದ ಈ ಯೋಜನೆ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳಿಗೆ. ಅದು ಹುಡುಕುವ ಕಾಯಿಲೆಗಳಲ್ಲಿ ರುಮ್ಯಾಟಿಕ್ ಹೃದ್ರೋಗವೂ ಒಂದು. ತಂಡ ಬರುವುದು ಅಂಗನವಾಡಿಗಳಿಗೆ ಮತ್ತು ಸರಕಾರಿ, ಅನುದಾನಿತ ಶಾಲೆಗಳಿಗೆ. ವಸತಿ ಮದ್ರಸಗಳಲ್ಲಿ ಓದುವ ಮಕ್ಕಳು ಇದರಿಂದ ತಪ್ಪಿಹೋಗಬಹುದು. ಮದ್ರಸದ ಆಡಳಿತದವರು ತಾಲೂಕು ಆರೋಗ್ಯಾಧಿಕಾರಿಯನ್ನು ಕಂಡು ತಮ್ಮ ಮಕ್ಕಳಿಗೂ ತಪಾಸಣೆ ಕೇಳುವುದು ಒಳ್ಳೆಯದು.

ದೊಡ್ಡ ಪರೀಕ್ಷೆಗಳಿಗೆ ಬೆಂಗಳೂರಿಗೆ ಹೋಗಬೇಕು. ದೊಡ್ಡಬಳ್ಳಾಪುರದಿಂದ ಬಸ್ಸೂ ಇದೆ, ರೈಲೂ ಇದೆ. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ನರ ವಿಭಾಗ, ಮಕ್ಕಳ ಮನೋವೈದ್ಯ ವಿಭಾಗ, ನೆನಪು ಮತ್ತು ಕಲಿಕೆಯನ್ನು ಅಳೆಯುವ ಮನಶ್ಶಾಸ್ತ್ರಜ್ಞರು ಒಂದೇ ಆವರಣದಲ್ಲಿದ್ದಾರೆ. ಅದರ ಪಕ್ಕದಲ್ಲೇ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ. ಹೃದಯದ ತಪಾಸಣೆಗೆ ಜಯದೇವ ಆಸ್ಪತ್ರೆ. ಕೀಲು ಮತ್ತು ಲೂಪಸ್‌ಗೆ ಸೇಂಟ್ ಜಾನ್ಸ್ ಆಸ್ಪತ್ರೆಯಲ್ಲಿ ರುಮಟಾಲಜಿ ವಿಭಾಗವಿದೆ. ಬಿಪಿಎಲ್ ಕಾರ್ಡು, ಆಧಾರ್, ತಾಲೂಕು ಆಸ್ಪತ್ರೆಯ ರೆಫರಲ್ ಚೀಟಿ ಜೊತೆಗಿರಲಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದ ನೆರವು ಪಡೆಯಲು ಬೇಕಾಗುತ್ತವೆ. ಹಳೆಯ ಚೀಟಿ, ರಿಪೋರ್ಟುಗಳನ್ನೆಲ್ಲ ಒಂದೇ ಫೈಲಿನಲ್ಲಿಡಿ. ಹಳೆಯ ಮತ್ತು ಈಗಿನ ನೋಟ್‌ಬುಕ್ ಎರಡನ್ನೂ ಒಯ್ಯಿರಿ. ಅಕ್ಷರ ಕೆಟ್ಟಿದ್ದು ಯಾವ ತಿಂಗಳಿನಿಂದ ಎಂಬುದನ್ನು ಅವು ವೈದ್ಯರಿಗೆ ತೋರಿಸಿಕೊಡುತ್ತವೆ. ಕೈ ಅಲುಗುವುದನ್ನು ಮೊಬೈಲಿನಲ್ಲಿ ವಿಡಿಯೋ ಮಾಡಿಕೊಂಡರೆ ಇನ್ನೂ ಒಳ್ಳೆಯದು.

ಮನಸ್ಸಿನ ತೊಂದರೆಗೆ ಉಚಿತ ಸಲಹೆ ಬೇಕಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು.

ರಮಝಾನಿನಲ್ಲಿ

ಚಿಕ್ಕ ಮಕ್ಕಳಿಗೆ ಉಪವಾಸ ಕಡ್ಡಾಯವಲ್ಲ, ರೋಗಿಗಳಿಗೆ ವಿನಾಯಿತಿಯಿದೆ ಎಂಬುದು ಎಲ್ಲರಿಗೂ ಗೊತ್ತು. ಆದರೂ ಓರಗೆಯವರು ಉಪವಾಸವಿರುವಾಗ ಹದಿವಯಸ್ಸಿನ ಮಗು ಹಠ ಹಿಡಿಯುತ್ತದೆ. ಸ್ಟೀರಾಯ್ಡ್, ಮೂತ್ರಪಿಂಡದ ತೊಂದರೆ, ಫಿಟ್ಸ್ ಮಾತ್ರೆ ಇರುವ ಮಗು ವೈದ್ಯರನ್ನು ಕೇಳದೆ ಉಪವಾಸ ಮಾಡಬಾರದು. ರಮಝಾನಿಗೆ ತಿಂಗಳಿರುವಾಗಲೇ ಕೇಳಿಕೊಳ್ಳಿ. ಬೇಡವೆಂದರೆ ಸಹ್ರಿಗೆ ಎಬ್ಬಿಸಿ, ಇಫ್ತಾರ್ ತಟ್ಟೆ ಜೋಡಿಸುವ ಕೆಲಸ ಕೊಡಿ. ತಾನು ಹೊರಗಿನವಳೆಂದು ಮಗುವಿಗೆ ಅನ್ನಿಸಬಾರದು.

ಆ ಹುಡುಗಿಯ ಮನೆಗೆ ಮರಳೋಣ. ಯಾರಾದರೂ ಒಬ್ಬರು, ಅಮ್ಮಿಯೋ ಟೀಚರೋ ಹಜ್ರತ್ತೋ, "ಈ ಮಗು ಮೊದಲು ಹೀಗಿರಲಿಲ್ಲವಲ್ಲ" ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ನಿಮ್ಮ ಮನೆಯಲ್ಲಿ, ತರಗತಿಯಲ್ಲಿ, ಮದ್ರಸದಲ್ಲಿ ಅಂಥ ಮಗು ಕಂಡರೆ ಆ ಮಾತನ್ನು ನೀವು ಹೇಳಿ.

ನೆನಪಿಡಿ

• ಜ್ವರದೊಂದಿಗೆ ಗಂಟಲು ನೋವಿದ್ದರೆ ವೈದ್ಯರಿಗೆ ತೋರಿಸಿ. ಆ್ಯಂಟಿಬಯೋಟಿಕ್ ಕೊಟ್ಟರೆ ಹೇಳಿದಷ್ಟು ದಿನ ಪೂರ್ತಿ ಕೊಡಿ.

• ಅಕ್ಷರ ಕೆಟ್ಟು, ಕೈ ಅಲುಗಿ, ವಸ್ತುಗಳು ಜಾರಿ ಬೀಳುತ್ತಿದ್ದರೆ ಹೃದಯದ ಎಕೋ ಪರೀಕ್ಷೆ ಮಾಡಿಸಿ.

• ಬೆಳಿಗ್ಗೆ ಕುಂಟುವುದು, ಆರು ವಾರ ದಾಟಿದ ಕೀಲು ಊತ ಇದ್ದರೆ ತಡಮಾಡಬೇಡಿ.

• ಫಿಟ್ಸ್, ಪ್ರಜ್ಞೆ ತಪ್ಪುವುದು, ದಿಢೀರನೆ ಮಾತು ನಿಲ್ಲುವುದು, ಭ್ರಮೆ ಇದ್ದರೆ ಅದೇ ದಿನ ಆಸ್ಪತ್ರೆ. 108ಕ್ಕೆ ಕರೆ ಮಾಡಿ.

• ಸ್ಟೀರಾಯ್ಡ್ ತಟ್ಟನೆ ನಿಲ್ಲಿಸಬೇಡಿ. ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆ ಮಾತ್ರ. ಪೆನಿಸಿಲಿನ್ ತಾರೀಕು ತಪ್ಪಿಸಬೇಡಿ.